ಬಿಚ್ಚಿ ಹೊಲಿದ ಚೀಲಗಳು

ಚೀಲದ ಬಾಯಿ ಹೊಲಿಯುವುದರಲ್ಲಿ ಸೋಮಯ್ಯನದು ಒಂದೇ ರೀತಿ. ಎಡಮೂಲೆಯ ಕಿವಿಯಿಂದ ದಬ್ಬಣ ಹಾಕಿದರೆ ಬಲಮೂಲೆಯ ಕಿವಿಗೆ ಬಂದೇ ನಿಲ್ಲಿಸುವುದು, ಅಲ್ಲಿ ಎರಡು ಗಂಟು, ಆಮೇಲೆ ಹುರಿಯನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸುವುದು. ಅವನು ಬಲಗಿವಿಯಿಂದ ಶುರು ಮಾಡಿದ್ದನ್ನು ಲಾನ್ಸಿ ಸಾವ್ಕಾರ್ರ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಯಾರೂ ಕಂಡಿರಲಿಲ್ಲ. ಅಂಥದ್ದರಲ್ಲಿ ಮಂಗಳವಾರ ಬೆಳಿಗ್ಗೆ ಲೆಕ್ಕ ಬರೆಯುವ ರೈಟರ್ ನಂಜುಂಡ ಲಾರಿಗೆ ಹಾಕಿಸಲೆಂದು ಸ್ಟೋರಿನ ಚೀಲ ಎಣಿಸುವಾಗ, ಒಂಬತ್ತು ಚೀಲಗಳ ಗಂಟು ಎಡಕ್ಕಿತ್ತು.

"ಸೋಮಯ್ಯ, ಇದ್ ನಿನ್ ಕೈ ಏನೋ?"

ಸೋಮಯ್ಯ ಬಗ್ಗಿ ನೋಡಿದ. "ನಿದ್ದೆಗಣ್ಣಲ್ಲಿ ಹೊಲಿದ್ರೂ ಹಿಂಗ್ ಹೊಲಿಯಲ್ಲ ಕಣ್ರೀ ನಾನು. ಯಾರೋ ಬಿಚ್ಚಿ ಹೊಲ್ದವ್ರೆ."

ಈ ಮಾತು ಸ್ಟೋರಿನಿಂದ ಕಾಳು ಆಯುವ ಶೆಡ್ಡಿಗೆ ಬರುವುದಕ್ಕೆ ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಅಲ್ಲಿ ಕೂತಿದ್ದ ಐದು ಹೆಂಗಸರ ಕೈ ಒಟ್ಟಿಗೇ ನಿಂತವು. ಒಟ್ಟಿಗೇ ಮತ್ತೆ ಓಡತೊಡಗಿದವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರಿಗಿಂತ ಕಿರಿಯವಳಾದ ಧನುಶ್ರೀ ಮಾತ್ರ ತಲೆ ಎತ್ತದೆ, ರೆಪ್ಪೆಯ ಅಡಿಯಿಂದಲೇ, ತನ್ನ ದೊಡ್ಡವ್ವ ಇಂದ್ರಮ್ಮನ ಕಡೆ ನೋಡಿದಳು. ಇಂದ್ರಮ್ಮನ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು. ಎಲೆಅಡಿಕೆಯ ಗಂಟು ಅಷ್ಟು ದಪ್ಪ ಇರುವುದಿಲ್ಲ.

ಹೋದ ವರ್ಷದವರೆಗೆ ಆ ಶೆಡ್ಡಿನಲ್ಲಿ ಹದಿನೆಂಟು ಹೆಂಗಸರಿದ್ದರು. ಹೆತ್ತೂರು ಕಡೆಯ ತೋಟಗಳಿಂದ ಬಂದ ಕಾಫಿಯ ಸಿಪ್ಪೆ ಸುಲಿದ ಮೇಲೆ, ಕರಿಕಾಳು, ಒಡಕಲು, ಹುಳುಕು ಎಲ್ಲವನ್ನೂ ಕೈಯಲ್ಲೇ ಆಯ್ದು ತೆಗೆಯುವುದು ಅವರ ಕೆಲಸ. ಆಮೇಲೆ ಸಾವ್ಕಾರ್ರು ಎಲ್ಲೋ ಮುಚ್ಚಿಹೋದ ಕ್ಯೂರಿಂಗಿನಿಂದ ಬಣ್ಣ ನೋಡುವ ಹಳೆಯ ಮಿಷನ್ನೊಂದನ್ನು ತಂದರು. ಮೇಲಿನ ಡಬ್ಬಕ್ಕೆ ಸುರಿದ ಕಾಳು ಜಾರುಬಂಡೆಯಂಥ ತಗಡಿನ ಮೇಲೆ ಇಳಿದು ಗಾಜಿನ ಕಣ್ಣಿನ ಮುಂದೆ ಬೀಳುತ್ತದೆ. ಕರಿಕಾಳು ಕಂಡ ಕೂಡಲೇ ಪಕ್ಕದ ತೂತಿನಿಂದ 'ಟುಸ್' ಅಂತ ಗಾಳಿ ಬಂದು ಅದನ್ನು ಆಚೆಗೆ ಹಾರಿಸುತ್ತದೆ. ಮಿಷನ್ನು ಬಂದ ತಿಂಗಳಿಗೆ ಹದಿಮೂರು ಹೆಂಗಸರು ಮನೆಗೆ ಹೋದರು. ಉಳಿದ ಐವರದು ಮಿಷನ್ನು ಹಾರಿಸಿದ ಕಾಳಿನಲ್ಲಿ ಒಳ್ಳೆಯದು ಸೇರಿಕೊಂಡಿದ್ದರೆ ಅದನ್ನು ವಾಪಸು ಹೆಕ್ಕುವ ಕೆಲಸ. ಧನುಶ್ರೀ ಕೂರುವುದು ಹಾರಿದ ಕಾಳು ಬೀಳುವ ಬುಟ್ಟಿಯ ಪಕ್ಕದಲ್ಲೇ.

ಮಂಗಳವಾರದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮಧ್ಯಾಹ್ನಕ್ಕೆ ಮಂಗಳೂರಿನಿಂದ ಫೋನು ಬಂತು. ಹೋದ ವಾರ ಕಳಿಸಿದ ಲೋಡು ವಾಪಸು ಬರುತ್ತಿತ್ತು. ಕಾಫಿ ಕೊಳ್ಳುವ ಕಂಪನಿಯವರು ಚೀಲ ಪೂರಾ ಸುರುವಿ ನೋಡಿದರಂತೆ. ಮೇಲೆ ಮುತ್ತಿನಂಥ ಕಾಳು, ತಳದಲ್ಲಿ ಕರಿಕಾಳು.

ಲಾನ್ಸಿ ಸಾವ್ಕಾರ್ರು ಶೆಡ್ಡಿಗೆ ಬಂದಾಗ ಅವರ ಕನ್ನಡಕ ಕೈಯಲ್ಲಿತ್ತು. ಕಣ್ಣಿಗೆ ಹಾಕಿಕೊಂಡಿದ್ದರೆ ಸಿಟ್ಟಿಲ್ಲ ಅಂತ ಅರ್ಥ. ಕೈಯಲ್ಲಿದ್ದರೆ ಹತ್ತಿರ ಹೋಗಬಾರದು.

"ನಮ್ಮಪ್ಪನ ಕಾಲದಿಂದ ಈ ಕ್ಯೂರಿಂಗ್ ಉಂಟು. ಮೇಲೆ ಒಳ್ಳೇದು ಹಾಕಿ ಕೆಳಗೆ ಕೆಟ್ಟದ್ದು ತುಂಬೋ ಕಳ್ಳವ್ಯಾಪಾರಿ ಅಂತ ನನಗೆ ಇವತ್ತು ಹೇಳಿಸಿಕೊಳ್ಳೋ ಹಾಗೆ ಆಯ್ತು," ಎಂದರು. ದನಿ ಏರಿಸಲಿಲ್ಲ. "ಸ್ಟೋರಿಗೆ ಹೋಗಿ ಚೀಲ ಬಿಚ್ಚಿ ಕರಿಕಾಳು ಬೆರೆಸ್ತಾ ಇರೋರು ಯಾರು? ಮಿಷನ್‌ಗೆ ಕೆಟ್ಟ ಹೆಸರು ಬಂದ್ರೆ ಯಾರಿಗೆ ಲಾಭ, ನನಗೆ ಗೊತ್ತಾಗಲ್ವಾ?"

ಐವರ ಬೆರಳೂ ಕಾಳಿನ ಮೇಲೇ ಓಡುತ್ತಿದ್ದವು.

"ಶನಿವಾರದೊಳಗೆ ಹೇಳಿ. ಹೇಳಿದ್ರೆ ಅವಳೊಬ್ಬಳು ಹೋಗ್ತಾಳೆ. ಇಲ್ಲ ಅಂದ್ರೆ ಐದೂ ಜನ ಸೋಮವಾರ ಬರ್ಬೇಡಿ. ಯಾಕೆ ಬಿಟ್ರಿ ಅಂತ ಯಾರಾದ್ರೂ ಕೇಳಿದ್ರೆ ಕಲಬೆರಕೆ ಮಾಡಿದ್ರು ಅಂತಲೇ ಹೇಳ್ತೇನೆ."

ಸಕಲೇಶಪುರದಿಂದ ಆಲೂರಿನವರೆಗೆ ಎಷ್ಟು ಕ್ಯೂರಿಂಗ್ ಇವೆಯೋ ಅಷ್ಟಕ್ಕೂ ಆ ಮಾತು ತಲುಪುತ್ತದೆ ಎಂಬುದು ಹೆಂಗಸರಿಗೆ ಗೊತ್ತಿತ್ತು. ಕಲಬೆರಕೆಯವಳು ಅಂತಾದ ಮೇಲೆ ತೋಟದ ಮೆಣಸು ಬಿಡಿಸುವುದಕ್ಕೂ ಯಾರೂ ಕರೆಯುವುದಿಲ್ಲ.

ಸಾವ್ಕಾರ್ರು ಅನ್ಯಾಯ ಮಾಡಿದರು ಅನ್ನುವ ಹಾಗೂ ಇರಲಿಲ್ಲ. ಬುಧವಾರವೇ ಹಾಸನದಿಂದ ಮೆಕ್ಯಾನಿಕ್ ಪ್ರತಾಪನನ್ನು ಕರೆಸಿ ಎಲ್ಲರೆದುರು ಮಿಷನ್ನು ಪರೀಕ್ಷೆ ಮಾಡಿಸಿದರು. ಕಾಫಿ ಹೂ ಅರಳಿಸುವ ಈ ವರ್ಷದ ಮೊದಲ ಹೂಮಳೆಯ ಸಿಡಿಲಿಗೆ ಮಿಷನ್ನಿನ ಬೋರ್ಡು ಸುಟ್ಟಿದ್ದಾಗ ರಿಪೇರಿ ಮಾಡಿದವನೂ ಅವನೇ. ಪ್ರತಾಪ ಒಂದು ಸೇರು ಕಾಫಿಗೆ ಒಂದು ಹಿಡಿ ಕರಿಕಾಳು ಬೆರೆಸಿ, ಕೈಯಿಂದ ಸ್ವಲ್ಪ ಸ್ವಲ್ಪವಾಗಿ ಡಬ್ಬಕ್ಕೆ ಬಿಟ್ಟ. ಟುಸ್, ಟುಸ್, ಟುಸ್. ಕರಿಕಾಳು ಒಂದೂ ತಪ್ಪಲಿಲ್ಲ.

"ನೋಡಿ ಸಾರ್, ಮಿಷನ್ ಸುಳ್ಳು ಹೇಳಲ್ಲ," ಎಂದ ಪ್ರತಾಪ.

"ಮನುಷ್ಯರು ಹೇಳ್ತಾರೆ," ಎಂದು ನಂಜುಂಡ ಸೇರಿಸಿದ. ಅವನು ನೋಡಿದ್ದು ಹೆಂಗಸರ ಕಡೆ.

ಆವತ್ತಿನಿಂದ ಶೆಡ್ಡಿನಲ್ಲಿ ಊಟದ ಡಬ್ಬಿಗಳು ಐದು ಕಡೆ ಬಿಚ್ಚಿಕೊಂಡವು. ಅಷ್ಟು ದಿನ ಒಬ್ಬರ ಉಪ್ಪಿನಕಾಯಿ ಐವರ ಅನ್ನಕ್ಕೂ ಆಗುತ್ತಿತ್ತು. ಈಗ ಸುಮಿತ್ರಮ್ಮ ಗೋಡೆಗೆ ಮುಖ ಮಾಡಿ ಕೂತಳು. ಅವಳದು ಬಾಯಿ ಜೋರು.

"ನಮ್ಮನೇಲಿ ಮೂರು ಜನ ಉಣ್ಣೋರವ್ರೆ. ಮಾಡ್ದೋರು ಒಪ್ಕೊಂಡ್ಬುಟ್ರೆ ನಾಲ್ಕು ಜನಾನಾದ್ರೂ ಉಳ್ಕತ್ತೀವಿ. ಅಲ್ವೇನೇ ಧನು? ನೀನಂತೂ ಮಾತೇ ಆಡಲ್ಲ ಬುಡು. ಮಾತಾಡದೋರ್ನೇ ನಂಬ್ಬಾರ್ದು ಅಂತಾರೆ."

ಧನುಶ್ರೀಯ ಕಿವಿ ಕೆಂಪಾದವು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಬಿಟ್ಟಿದ್ದಕ್ಕೆ ಅಂಥ ದುಃಖವೂ ಆಗಿರಲಿಲ್ಲ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುವುದು ತಪ್ಪಿತಲ್ಲ ಅನ್ನುವ ಸಮಾಧಾನವೇ ಹೆಚ್ಚು. ಬಾಯಿ ಬಾರದವಳಿಗೆ ದೇವರು ಕಣ್ಣು ಕೊಟ್ಟಿದ್ದ. ಈಗ ಆ ಕಣ್ಣೇ ಶತ್ರುವಾಗಿತ್ತು. ಹೋದ ವಾರ ಎರಡು ಸಲ, ಊಟದ ಹೊತ್ತಿನಲ್ಲಿ ದೊಡ್ಡವ್ವ ಸ್ಟೋರಿನ ಹಿಂಬಾಗಿಲಿಂದ ಬರುವುದನ್ನು ಅವಳು ನೋಡಿದ್ದಳು. ಒಂದು ಸಲ ಕುಪ್ಪಸದ ತೋಳಿನಲ್ಲಿ ದಬ್ಬಣ ಸಿಕ್ಕಿಕೊಂಡಿತ್ತು. ಇನ್ನೊಂದು ಸಲ ಸೆರಗಿನ ಗಂಟು ಬಿಚ್ಚಿ ಬಚ್ಚಲ ಮೋರಿಗೆ ಏನನ್ನೋ ಸುರಿದಳು. ಆಮೇಲೆ ಧನುಶ್ರೀ ಹೋಗಿ ನೋಡಿದಾಗ ಮೋರಿಯಲ್ಲಿ ಕರಿಕಾಳು ತೇಲುತ್ತಿದ್ದವು.

ಇಪ್ಪತ್ತೆರಡು ವರ್ಷ ಅದೇ ಶೆಡ್ಡಿನಲ್ಲಿ ಕೂತ ದೊಡ್ಡವ್ವ. ತನಗೆ ಕಾಳು ಆಯುವುದನ್ನು ಕಲಿಸಿದವಳು. ಕುಂದೂರಿನಿಂದ ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ತನಗೇ ಜಾಗ ಬಿಡುವವಳು. ಕೇಳಿಬಿಡೋಣವೆಂದು ಬಸ್ಸಿನಲ್ಲಿ ಮೂರು ಸಲ ಬಾಯಿ ತೆರೆದು, ಮೂರು ಸಲವೂ ಬೇರೇನೋ ಹೇಳಿದಳು.

"ಏನೇ ಅದು, ಹಲ್ಲಿ ಲೊಚಗುಟ್ಟಿದಂಗೆ," ಎಂದಳು ಇಂದ್ರಮ್ಮ. ಆದರೆ ಅವಳೂ ಧನುವನ್ನು ಒಂದು ತೆರನಾಗಿ ನೋಡುತ್ತಿದ್ದಳು, ಈ ಹುಡುಗಿ ಎಷ್ಟು ನೋಡಿದ್ದಾಳೆ ಎಂದು ಅಳೆಯುವವಳಂತೆ.

ಗುರುವಾರ ಊಟದ ಗಂಟೆ ಹೊಡೆಯಿತು. ಇಂದ್ರಮ್ಮ ಕೈ ತೊಳೆಯುವ ನೆವದಲ್ಲಿ ಎದ್ದಳು. ಧನುಶ್ರೀ ಮನಸ್ಸಿನಲ್ಲೇ ಮೂವತ್ತು ಎಣಿಸಿ ಹಿಂದೆ ಹೋದಳು. ಸ್ಟೋರಿನ ಹಿಂಬಾಗಿಲ ಚಿಲಕ ಹಳೆಯದು; ಕೆಳಗಿನಿಂದ ಎತ್ತಿದರೆ ಬೀಗ ಹಾಕಿದ್ದರೂ ತೆರೆಯುತ್ತದೆ ಎಂದು ಹಳಬರಿಗೆಲ್ಲ ಗೊತ್ತು. ಬಾಗಿಲ ಸಂದಿಯಿಂದ ಇಣುಕಿದಳು.

ಇಂದ್ರಮ್ಮ ಹೊಸ ಚೀಲವೊಂದರ ಹೊಲಿಗೆ ಬಿಚ್ಚಿ ಕೂತಿದ್ದಳು. ಮುಂದೆ ಮೊರ. ಚೀಲದಿಂದ ಬೊಗಸೆ ಬೊಗಸೆ ತೆಗೆದು ಮೊರದ ಮೇಲೆ ಹರವುತ್ತಿದ್ದಳು. ಅವಳ ಬೆರಳು ಕೋಳಿಯ ಕೊಕ್ಕಿನ ಹಾಗೆ ಆಡುತ್ತಿದ್ದವು. ಕರಿಕಾಳು ಸೆರಗಿಗೆ, ಒಳ್ಳೆಯದು ಪಕ್ಕದ ಬುಟ್ಟಿಗೆ. ಬೆರೆಸುತ್ತಿರಲಿಲ್ಲ, ಆಯುತ್ತಿದ್ದಳು.

ಧನುಶ್ರೀಗೆ ತಡೆಯಲಾಗಲಿಲ್ಲ. "ದೊಡ್ಡವ್ವ!"

ಇಂದ್ರಮ್ಮ ಬೆಚ್ಚಿ ಮೊರವನ್ನೇ ಎದೆಗೆ ಅವುಚಿಕೊಂಡಳು. ಧನು ಎಂದು ಗೊತ್ತಾದ ಮೇಲೆ ಉಸಿರು ಬಿಟ್ಟಳು. "ನೀನಾ? ನನ್ ಜೀವ ಬಾಯಿಗೆ ಬಂದಿತ್ತಲ್ಲೇ."

"ನೀನು ಹಾಕ್ತಿದ್ದೀಯ ಅಂದ್ಕೊಂಡಿದ್ದೆ."

"ಹಾಕೋದಾ? ನನ್ ಕೈ ಬಿದ್ದೋಗ." ಇಂದ್ರಮ್ಮ ಮೊರ ಕೆಳಗಿಟ್ಟಳು. "ಹೂಮಳೆ ಆದ್ ಮೇಲಿಂದ ಹಿಂಗೇ ಐತೆ. ಮಿಷನ್ ಒಳ್ಳೇದು ಅಂತ ಬಿಟ್ಟ ಕಾಳಲ್ಲೂ ಕರಿದು ಇರ್ತವೆ. ರೈಟ್ರಿಗೆ ಒಂದ್ಸಲ ಹೇಳ್ದೆ. ಮಿಷನ್ ಮೇಲೆ ಹೊಟ್ಟೆಕಿಚ್ಚೇನಮ್ಮ ಅಂತ ನಕ್ಬುಟ್ಟ. ಆಮೇಲೆ ಹೇಳ್ಲಿಲ್ಲ. ಆದ್ರೆ ಈ ಶೆಡ್ಡಿಂದ ಅಂಥ ಚೀಲ ಹೋಗೋದನ್ನ ನೋಡ್ಕಂಡ್ ಕೂರಕ್ಕಾಗಲ್ಲ ಕಣೆ. ಇಲ್ಲಿ ಇಂದ್ರಮ್ಮ ಅವ್ಳೆ ಅಂತ ಎಲ್ರಿಗೂ ಗೊತ್ತು. ಅರ್ಧ ಗಂಟೇಲಿ ಪೂರಾ ಚೀಲ ಎಲ್ಲಾಯ್ತದೆ? ಮೇಲಿನ ನಾಕು ಮೊರ ಆಯ್ದು ಹೊಲಿದ್ಬುಡ್ತೀನಿ."

ಧನುಶ್ರೀ ಚೀಲದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅವಳಿಗೆ ಈಗ ಹೊಳೆಯಿತು. ಸಾವ್ಕಾರ್ರು ಲಾರಿ ಹೊರಡುವ ಮೊದಲು ಚೀಲದ ಮೇಲಿನ ಬೊಗಸೆ ಮಾತ್ರ ನೋಡುತ್ತಿದ್ದರು. ದೊಡ್ಡವ್ವ ಆಯ್ದಿದ್ದೂ ಮೇಲಿನದನ್ನೇ. ಅದಕ್ಕೇ ತಿಂಗಳಾದರೂ ಇಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಅದಕ್ಕೇ ಮಂಗಳೂರಿನವರಿಗೆ ಅದು ಪಕ್ಕಾ ಮೋಸದಂತೆ ಕಂಡಿತು. ಮರ್ಯಾದೆ ಉಳಿಸಲು ಹೋದ ಕೈಯೇ ಮರ್ಯಾದೆ ತೆಗೆದಿತ್ತು.

ಅದನ್ನು ಹೇಳಿದಾಗ ಇಂದ್ರಮ್ಮ ಸೆರಗಿನಲ್ಲಿದ್ದ ಕರಿಕಾಳನ್ನು ಬೆರಳಲ್ಲಿ ಕೆದಕಿ ನೋಡಿದಳು. "ಅಯ್ಯೋ ಶಿವನೇ," ಎಂದಳು. "ಆದ್ರೆ ಮಿಷನ್ ಸರಿಯಾಗೈತಲ್ಲ? ಎಲ್ರೂ ನೋಡಿದ್ವಲ್ಲ ನಿನ್ನೆ?"

"ಒಂದು ಸೇರಿಗೆ ಸರಿಯಾಗೈತೆ," ಎಂದಳು ಧನುಶ್ರೀ.

ಅವಳು ಇಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿ ಅದು. ಬೆಳಿಗ್ಗೆ ಮಿಷನ್ನು ಶುರುವಾಗಿ ಕಾಳು ತೆಳ್ಳಗೆ ಇಳಿಯುವಾಗ ಅವಳ ಬುಟ್ಟಿಗೆ ಬೀಳುವುದೆಲ್ಲ ಕರಿಕಾಳೇ. ಡಬ್ಬ ತುಂಬಿ ಕಾಳು ಜಡಿಮಳೆಯಂತೆ ಸುರಿಯತೊಡಗಿದರೆ ಬುಟ್ಟಿಗೆ ಒಳ್ಳೆಯ ಕಾಳು ಬೀಳುತ್ತವೆ. ಕರಿಯದು ದಾಟಿಹೋದ ಮೇಲೆ ಗಾಳಿ ಬರುತ್ತದೆ, ಹಿಂದೆ ಬಂದ ಪಾಪದ ಕಾಳನ್ನು ಹೊಡೆಯುತ್ತದೆ. ಓಡುವ ಬಸ್ಸಿಗೆ ನಿಲ್ದಾಣ ದಾಟಿದ ಮೇಲೆ ಸೀಟಿ ಊದಿದ ಹಾಗೆ. ಹೂಮಳೆಗೆ ಮುಂಚೆ ಹೀಗಿರಲಿಲ್ಲ.

"ಪ್ರತಾಪ ಯಾವಾಗ್ಲೂ ಕೈಯಿಂದ್ಲೇ ಬಿಡ್ತಾನೆ, ದೊಡ್ಡವ್ವ. ಡಬ್ಬ ತುಂಬಿ ಬಿಟ್ಟಿದ್ದನ್ನ ನಾನು ಒಂದಿನಾನೂ ನೋಡಿಲ್ಲ."

ಇಂದ್ರಮ್ಮ ಅವಳನ್ನೇ ನೋಡಿದಳು. "ಬೇಕಂತ್ಲೇ ಮಾಡ್ತಾನೆ ಅಂತೀಯಾ?"

"ಗೊತ್ತಿಲ್ಲ."

"ಇದ್ನ ಹೇಳುದ್ರೆ ಮಿಷನ್ ರಿಪೇರಿ ಆಯ್ತದೆ. ರಿಪೇರಿ ಆದ್ರೆ ನಾವು ಐದು ಜನವೂ ಬ್ಯಾಡ."

"ಹೇಳ್ದಿದ್ರೆ ಸೋಮವಾರವೇ ಬ್ಯಾಡ. ಕಲಬೆರಕೆಯೋರು ಅಂತ."

ಇಂದ್ರಮ್ಮ ದಬ್ಬಣಕ್ಕೆ ಹುರಿ ಪೋಣಿಸಿದಳು. ಹೊಲಿಯಲಿಲ್ಲ. ದಬ್ಬಣವನ್ನು ಚೀಲದ ಮೇಲೆ ಹಾಗೇ ಚುಚ್ಚಿಟ್ಟು ಎದ್ದಳು. "ಬಿಚ್ಚಿದ್ದು ಬಿಚ್ಚಿದಂಗೇ ಇರ್ಲಿ. ನಡಿ."

ಶುಕ್ರವಾರ ಇಂದ್ರಮ್ಮ ಉಳಿದ ಮೂವರನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ಸುಮಿತ್ರಮ್ಮ ಮೊದಲು ಬೈದಳು, ಆಮೇಲೆ ತನ್ನ ಉಪ್ಪಿನಕಾಯಿ ಡಬ್ಬಿಯನ್ನು ಮಧ್ಯಕ್ಕೆ ತಳ್ಳಿದಳು. ಐವರೂ ಸೇರಿ ಸಂಜೆಯೊಳಗೆ ಒಂದು ಪೂರಾ ಚೀಲ ಕಾಫಿಯನ್ನು ಕೈಯಲ್ಲೇ ಆಯ್ದರು. ಅದರಲ್ಲಿ ಕರಿಕಾಳು ಒಂದೂ ಉಳಿಯದ ಹಾಗೆ ಎರಡು ಸಲ ನೋಡಿದರು.

ಶನಿವಾರ ಹನ್ನೊಂದು ಗಂಟೆಗೆ ಸಾವ್ಕಾರ್ರು ಬಂದರು. ಕನ್ನಡಕ ಕೈಯಲ್ಲೇ ಇತ್ತು. ಜೊತೆಗೆ ನಂಜುಂಡ, ಮತ್ತು ಬೋರ್ಡಿನ ಧೂಳು ಹೊಡೆಯಲು ಬಂದಿದ್ದ ಪ್ರತಾಪ.

"ಹೇಳಿ. ಯಾರು ಬಿಚ್ಚಿದ್ದು?"

"ನಾನು," ಎಂದಳು ಇಂದ್ರಮ್ಮ.

ನಂಜುಂಡನ ಹುಬ್ಬು ಏರಿತು. ಸಾವ್ಕಾರ್ರ ಮುಖ ಮಾತ್ರ ಕುಗ್ಗಿತು. ಈ ಹೆಸರು ಅವರು ನಿರೀಕ್ಷಿಸಿರಲಿಲ್ಲ. "ನೀನಾ, ಇಂದ್ರಮ್ಮ?"

"ಬೆರೆಸಕ್ಕಲ್ಲ. ತೆಗೆಯಕ್ಕೆ. ನಂಬಕ್ಕೆ ಮುಂಚೆ ಈ ಹುಡುಗಿ ಒಂದು ಮಾತು ಹೇಳ್ತಾಳೆ, ಕೇಳಿ."

ಎಲ್ಲರ ಕಣ್ಣೂ ಧನುಶ್ರೀಯ ಮೇಲೆ ಬಿತ್ತು. ಶಾಲೆಯಲ್ಲಿ ಬೆಂಚಿನ ಪಕ್ಕ ಎದ್ದು ನಿಂತ ಹಾಗಿತ್ತು. ಸುಮ್ಮನೆ ಬಗ್ಗಿ, ಒಂದು ಬಟ್ಟಲು ಎತ್ತಿ ಪ್ರತಾಪನ ಮುಂದೆ ಹಿಡಿದಳು.

"ನೂರು ಕರಿಕಾಳು," ಎಂದಳು, ಇಲಿಯ ದನಿಯಲ್ಲಿ. "ಈ ಚೀಲದಲ್ಲಿ ಒಂದೂ ಇಲ್ಲ. ಇದಕ್ಕೆ ಬೆರೆಸಿ ಬಿಡಿ. ಡಬ್ಬ ತುಂಬ."

"ಡಬ್ಬ ತುಂಬ ಯಾಕಮ್ಮ, ಒಂದು ಸೇರಲ್ಲೇ ಗೊತ್ತಾಗತ್ತೆ," ಎಂದು ಪ್ರತಾಪ ಕೈ ಚಾಚಿದ. ಅವಳು ಬಟ್ಟಲು ಬಿಡಲಿಲ್ಲ.

"ಎಂತ ಮಾರಾಯ, ತುಂಬ ಬಿಟ್ರೆ ಮಿಷನ್ ಏನು ಸಾಯ್ತದಾ?" ಎಂದರು ಸಾವ್ಕಾರ್ರು.

ಸೋಮಯ್ಯ ಕರಿಕಾಳು ಬೆರೆಸಿ ಚೀಲ ಎತ್ತಿ ಸುರಿದ. ಮಿಷನ್ನು ಗುಡುಗುಟ್ಟಿತು. ಕಾಳು ಜಡಿಮಳೆಯಂತೆ ಇಳಿಯಿತು, ಗಾಳಿಯ ಟುಸ್ ಟುಸ್ ಒಂದಕ್ಕೊಂದು ಅಂಟಿಕೊಂಡು ಸುಯ್ಯೆಂದಿತು. ಮುಗಿದ ಮೇಲೆ ಬುಟ್ಟಿಯನ್ನು ಎಲ್ಲರೆದುರು ಹರವಿದರು. ನಂಜುಂಡನೇ ಎಣಿಸಿದ. ಕರಿಕಾಳು ಮೂವತ್ತೇಳು. ಉಳಿದದ್ದೆಲ್ಲ ಒಳ್ಳೆಯ ಕಾಳು. ತಪ್ಪಿಸಿಕೊಂಡ ಅರವತ್ತಮೂರು ಒಳ್ಳೆಯ ಕಾಳಿನ ಚೀಲದೊಳಗೆ ಹೋಗಿ ಕೂತಿದ್ದವು.

ಸಾವ್ಕಾರ್ರು ಮೂವತ್ತೇಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಆಮೇಲೆ ಪ್ರತಾಪನನ್ನು ನೋಡಿದರು. "ಬಿಚ್ಚು ಬೋರ್ಡು."

ಬೋರ್ಡನ್ನು ಮೇಜಿನ ಮೇಲಿಟ್ಟು ಪ್ರತಾಪ ಬೆರಳಿನಲ್ಲಿ ತೋರಿಸಿದ. "ಸಾರ್, ಗಾಜಿನ ಕಣ್ಣಿಗೆ ಬಿದ್ದ ಬೆಳಕು ಏರಿಳಿಯೋ ಕರೆಂಟಾಗಿ ಬರತ್ತೆ. ಪ್ರೊಸೆಸರ್‌ಗೆ ಕರೆಂಟು ಅರ್ಥ ಆಗಲ್ಲ, ಅಂಕಿ ಬೇಕು. ಕರೆಂಟನ್ನ ಅಂಕಿ ಮಾಡೋದು ಈ ಚಿಪ್ಪು, ಎಡಿಸಿ ಅಂತಾರೆ. ಒಂದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಮಾಡ್ಬೇಕು. ಸಿಡಿಲಿಗೆ ಹೋಗಿದ್ದು ಇದೇ. ಬೆಂಗಳೂರಿಂದ ಅದೇ ನಂಬರಿಂದು ತಂದು ಹಾಕಿದ್ದೆ. ನೋಡಿ, ಮೇಲೆ ನಂಬರು ಐತೆ."

ಹೆದರಿಕೆಯಲ್ಲಿ 'ಐತೆ' ಅನ್ನುವ ಊರಿನ ಮಾತು ಅವನ ಬಾಯಿಗೆ ಬಂದುಬಿಟ್ಟಿತ್ತು.

ನಂಬರಿನ ಬಣ್ಣ ತೀರಾ ಹೊಸದಾಗಿ ಕಂಡದ್ದರಿಂದ ಸಾವ್ಕಾರ್ರು ಹತ್ತಿಯನ್ನು ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿ ಚಿಪ್ಪಿನ ಬೆನ್ನು ಉಜ್ಜಿದರು. ಕರಿ ಬಣ್ಣ ಹತ್ತಿಗೆ ಬಂತು, ನಂಬರೂ ಬಂತು. ಕೆಳಗೆ ಉಜ್ಜಿ ಅಳಿಸಿದ ಗೀರುಗಳು, ಬೇರೊಂದು ನಂಬರಿನ ಅರ್ಧ.

ಪ್ರತಾಪ ಫೋನಿನ ಬೆಳಕು ಬಿಟ್ಟು ಅದನ್ನು ಓದಿದ. "ಇದು ನಿಧಾನದ ಚಿಪ್ಪು ಸಾರ್. ಕಾಲು, ಅಳತೆ ಎಲ್ಲ ಒಂದೇ. ಹಳೇ ಬೋರ್ಡಿಂದ ಕಿತ್ತು, ಮೇಲೆ ಸ್ಪೀಡ್ ಚಿಪ್ಪಿನ ನಂಬರು ಹೊಡೆದವ್ರೆ. ಕಾಳು ಒಂದೊಂದಾಗಿ ಬಂದ್ರೆ ಇದಕ್ಕೆ ಟೈಮ್ ಸಿಗತ್ತೆ. ಒಟ್ಟಿಗೆ ಬಂದ್ರೆ ಒಂದು ಕಾಳಿನ ಅಂಕಿ ಮುಗಿಯೋದ್ರೊಳಗೆ ಅದು ದಾಟಿ ಇನ್ನೊಂದು ಬಂದುಬಿಡತ್ತೆ. ನಂಗೆ ಗೊತ್ತಿರಲಿಲ್ಲ ಸಾರ್, ನಮ್ಮಮ್ಮನಾಣೆ."

ಧನುಶ್ರೀ ಅವನ ಕೈ ನೋಡುತ್ತಿದ್ದಳು. ಆ ಕೈ ಬುಧವಾರ ಕಾಳನ್ನು ಎಷ್ಟು ಎಚ್ಚರದಿಂದ, ಎಷ್ಟು ತೆಳ್ಳಗೆ ಬಿಟ್ಟಿತ್ತು ಎಂಬುದು ಅವಳಿಗೆ ನೆನಪಿತ್ತು. ಗೊತ್ತಿಲ್ಲದವನ ಕೈ ಅಷ್ಟು ಹುಷಾರಾಗಿರುತ್ತದೆಯೆ? ಅಥವಾ ಅವನ ಅಭ್ಯಾಸವೇ ಹಾಗೋ? ಹೇಳುವುದಕ್ಕೆ ಅವಳ ಬಳಿ ಎಣಿಸಿ ತೋರಿಸುವಂಥದ್ದೇನೂ ಇರಲಿಲ್ಲ. ಎಣಿಸಿ ತೋರಿಸಲಾಗದ್ದನ್ನು ಒಬ್ಬರ ಮೇಲೆ ಹೊರಿಸಿದರೆ ಏನಾಗುತ್ತದೆಂದು ಈ ವಾರ ನೋಡಿದ್ದಳು. ಸುಮ್ಮನಾದಳು.

ಸಾವ್ಕಾರ್ರು ಕನ್ನಡಕ ಹಾಕಿಕೊಂಡರು. "ಇಂದ್ರಮ್ಮ, ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಕೇಳಿದ್ದು ಬಿಚ್ಚಿದ್ದು ಯಾರು ಅಂತ. ಯಾಕೆ ಬಿಚ್ಚಿದ್ರು ಅಂತ ಯಾರೂ ಕೇಳ್ಲಿಲ್ವಲ್ಲ ಸಾವ್ಕಾರ್ರೆ."

ಸಾವ್ಕಾರ್ರು ಅಲ್ಲೇ ನಿಂತು ಮಂಗಳೂರಿಗೆ ಫೋನು ಹಚ್ಚಿದರು. ಮಿಷನ್ನಿನ ಚಿಪ್ಪು ಕೆಟ್ಟಿತ್ತು, ಮೇಲಿನದನ್ನು ಒಳ್ಳೆಯದು ಮಾಡಿದ್ದು ನಮ್ಮ ಶೆಡ್ಡಿನ ಹೆಂಗಸು, ಮೋಸಕ್ಕಲ್ಲ ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಆ ಕಡೆಯವರು ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. "ಹೆಸರಾ? ಇಂದ್ರಮ್ಮ ಅಂತ. ಇಪ್ಪತ್ತೆರಡು ವರ್ಷದಿಂದ ಇದ್ದಾರೆ," ಎಂದರು ಸಾವ್ಕಾರ್ರು ಫೋನಿನಲ್ಲಿ. ನಂಜುಂಡ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ.

ಸರಿಯಾದ ಚಿಪ್ಪು ಬರಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ, ವಾಪಸು ಬಂದ ಲೋಡನ್ನು ಆಯಲು ಮನೆಗೆ ಹೋಗಿದ್ದ ಹದಿಮೂರು ಹೆಂಗಸರಿಗೂ ಹೇಳಿಕಳಿಸಿದರು. ಶೆಡ್ಡಿನಲ್ಲಿ ಮತ್ತೆ ಹದಿನೆಂಟು ಬಾಯಿ. ಧನುಶ್ರೀಯನ್ನು ಯಾರೋ "ಎಡಿಸಿ" ಎಂದು ಕರೆಯತೊಡಗಿದರು. ನೋಡಿದ್ದನ್ನು ಲೆಕ್ಕ ಮಾಡಿ ಹೇಳ್ತಾಳಲ್ಲ, ಅದಕ್ಕೆ. ಅವಳ ಕಿವಿ ಕೆಂಪಾಗುವುದು ಮಾತ್ರ ನಿಲ್ಲಲಿಲ್ಲ.

ಹೊಸ ಚಿಪ್ಪು ಹಾಕಿದ ದಿನ ನೂರಕ್ಕೆ ತೊಂಬತ್ತೆಂಟು ಕರಿಕಾಳು ಬುಟ್ಟಿಗೆ ಬಿದ್ದವು. ಅಷ್ಟು ಹೊತ್ತಿನಲ್ಲಿ ಯಾರ ಕೈಯಿಂದಲೂ ಅದು ಆಗುವ ಕೆಲಸವಲ್ಲ. ಹೆಂಗಸರು ಮೊರ ಜೋಡಿಸಿಟ್ಟರು. ಸಾವ್ಕಾರ್ರು ಇಬ್ಬರನ್ನು ಉಳಿಸಿಕೊಳ್ಳುವುದಾಗಿ ಹೇಳಿದರು, ಹೊರಡುವ ಚೀಲಗಳನ್ನು ತಳದವರೆಗೂ ಸುರುವಿ ನೋಡುವುದಕ್ಕೆ. ಯಾರಿಬ್ಬರು ಎಂಬುದನ್ನು ಇಂದ್ರಮ್ಮನೇ ಹೇಳಲಿ ಎಂದರು.

ಇಂದ್ರಮ್ಮ ಧನುಶ್ರೀಯನ್ನು ತೋರಿಸಿದಳು. ಆಮೇಲೆ ಸುಮಿತ್ರಮ್ಮನನ್ನು.

"ನಿನ್ನ ಹೆಸರು ಹೇಳ್ಕಳೇ," ಎಂದಳು ಸುಮಿತ್ರಮ್ಮ, ಬೈಯುವ ದನಿಯಲ್ಲೇ.

"ನಂಗೇನೇ, ಆಲೂರು ಕ್ಯೂರಿಂಗಿನೋರು ನಿನ್ನೆ ಹೇಳ್ಕಳ್ಸವ್ರೆ. ಅವ್ರತ್ರ ಮಿಷನ್ ಇಲ್ಲ." ಇಂದ್ರಮ್ಮ ತನ್ನ ಮೊರವನ್ನು ಕಂಕುಳಿಗೆ ಸೇರಿಸಿದಳು. "ಕಲಬೆರಕೆಯೋಳು ಅನ್ಸ್ಕೊಂಡಿದ್ರೆ ಕರೀತಿದ್ರೇನು?"

ಗೇಟಿನವರೆಗೆ ಧನುಶ್ರೀ ಜೊತೆಗೆ ಬಂದಳು. ಇಂದ್ರಮ್ಮ ರಸ್ತೆ ದಾಟಿ, ಆಲೂರಿನ ಕಡೆಯ ಬಸ್ಸಿಗೆ ಕೈ ಅಡ್ಡ ಹಿಡಿದಳು.